ಇಲ್ಲದ ಸುರಾಹಿಯ ಕಳವು

ಹಾವಗೆಪ್ಪ ಮಾಸ್ತರರು ಸುಳ್ಳು ಹೇಳುವ ಪೈಕಿ ಅಲ್ಲ. ಆದರೆ ಬೀದರದಲ್ಲಿ ನಡೆದ ಇಂಗ್ಲಿಷ್ ತರಬೇತಿಯ ಕೊನೆಯ ದಿನ, ಹುಗ್ಗಿ ಉಂಡು ಕಣ್ಣು ಎಳೆಯುತ್ತಿದ್ದ ಹೊತ್ತಿನಲ್ಲಿ, ತರಬೇತಿಯ ಸಾಹೇಬರಾದ ಅಮಿತಕುಮಾರರು “ನಿಮ್ಮ ನಿಮ್ಮ ಸಾಲ್ಯಾಗ ಮಕ್ಕಳು ಇಂಗ್ಲಿಷ್ ಮಾತಾಡ್ತಾರೇನ್ರಿ?” ಎಂದು ಕೇಳಿದರು. ಜಿಲ್ಲೆಯ ಮಾಸ್ತರರೆಲ್ಲ ತಲೆ ತಗ್ಗಿಸಿ ತಮ್ಮ ತಮ್ಮ ಚಪ್ಪಲಿಯ ಉಂಗುಷ್ಟ ಪರೀಕ್ಷಿಸತೊಡಗಿದ್ದನ್ನು ಕಂಡು ಹಾವಗೆಪ್ಪ ಮಾಸ್ತರರ ನಾಲಿಗೆ ಅವರ ಅಪ್ಪಣೆ ಕೇಳದೆ ಎದ್ದು ನಿಂತಿತು.

“ನಮ್ಮ ಠಾಣಾ ಕುಶನೂರ ಸಾಲ್ಯಾಗ ಮಾತಾಡ್ತಾರ್ರಿ. ನೀರು ಕುಡದಂಗ ಮಾತಾಡ್ತಾರ್ರಿ.”

ಸಾಹೇಬರು ಸಂತೋಷಪಟ್ಟರು. ಸಂತೋಷಪಟ್ಟು ಸುಮ್ಮನಿದ್ದಿದ್ದರೆ ಈ ಕಥೆಯೇ ಹುಟ್ಟುತ್ತಿರಲಿಲ್ಲ. “ಹಂಗಾದ್ರ ಮುಂದಿನ ಶನಿವಾರ ನಾನೇ ಬರ್ತೇನಿ. ಮಕ್ಕಳು ಖರೇನೇ ಮಾತಾಡಿದ್ರ ಭಾಲ್ಕಿ ತರಬೇತಿಗಿ ಕಲಿಸ್ಲಾಕ ನಿಮ್ಮನ್ನೇ ಕಳಸ್ತೇನಿ,” ಎಂದುಬಿಟ್ಟರು.

ಭಾಲ್ಕಿ ಎಂದರೆ ಮಾಸ್ತರರ ಹೆಂಡತಿ ದಾನಮ್ಮನ ತವರು. ಅಲ್ಲಿ ಅವಳ ತಮ್ಮಂದಿರ ಒಂದು ದಂಡೇ ಇತ್ತು. ಹಬ್ಬದ ಊಟಕ್ಕೆ ಕುಳಿತಾಗ ಆ ತಮ್ಮಂದಿರಿಗೆ ಉಪ್ಪಿನಕಾಯಿ ಬೇಕಾಗುತ್ತಿರಲಿಲ್ಲ, ನಂಚಿಕೊಳ್ಳಲು ಹಾವಗೆಪ್ಪ ಮಾಮಾ ಇರುತ್ತಿದ್ದರು. “ಮಾಮಾ, ಇಂಗ್ಲಿಷ್ ಮಾಸ್ತರ ಅಂತೀರಿ, ಒಂದೀಟ ಇಂಗ್ಲಿಷ್ ಮಾತಾಡ್ರಿ ನೋಡಮು,” ಎಂದು ಒಬ್ಬ ಶುರು ಮಾಡಿದರೆ ಮಾಸ್ತರರಿಗೆ ಕೆಮ್ಮು ಬರುತ್ತಿತ್ತು. ಈಗ ಮಾಸ್ತರರು ಬಸ್ಸು ಇಳಿದು ಬಂದು, ಹೆಂಡತಿಗೆ ಸುದ್ದಿ ಹೇಳಿ, ಕೈಕಾಲು ತೊಳೆಯಲು ಬಚ್ಚಲಿಗೆ ಹೋಗಿ ಮುಖ ಒರೆಸಿಕೊಂಡು ಹೊರಬರುವಷ್ಟರಲ್ಲಿ, ದಾನಮ್ಮ ಭಾಲ್ಕಿಗೆ ಫೋನು ಹಚ್ಚಿ, ತನ್ನ ಗಂಡ ಮಾಸ್ತರಗಳಿಗೇ ಮಾಸ್ತರ ಆಗಿದ್ದಾರೆಂದು ಹೇಳಿ ಮುಗಿಸಿದ್ದಳು.

“ಇನ್ನಾ ಆಗಿಲ್ಲ ದಾನಮ್ಮ. ಆದ್ರ ಅಂದಾರ.”

“ಆಗ್ರಿ. ಆಗ್ಲಿಲ್ಲಂದ್ರ ನಾ ಆ ಊರಿಗಿ ಯಾವ ಮಾರಿ ತಗೊಂಡು ಹೋಗ್ಲಿ?”

ಮಾಸ್ತರರಿಗೆ ತಮ್ಮ ಮಾರಿಯದೇ ಚಿಂತೆ ಇತ್ತು. ಏಕೆಂದರೆ ಅವರ ಒಂಬತ್ತನೆಯ ತರಗತಿಯ ಮಕ್ಕಳು ಇಂಗ್ಲಿಷಿನಲ್ಲಿ ಆಡುತ್ತಿದ್ದ ಮಾತು “ಪ್ರೆಸೆಂಟ್ ಸರ್” ಒಂದೇ. ಅದನ್ನೂ ಸೋಯಾ ಕಟಾವಿನ ಕಾಲದಲ್ಲಿ ಅರ್ಧ ಮಕ್ಕಳು ಆಡುತ್ತಿರಲಿಲ್ಲ.

ತರಬೇತಿಯಲ್ಲಿ ಒಂದು ಪತ್ತೇದಾರಿ ಕಥೆ ಹೇಳಿಕೊಟ್ಟಿದ್ದರು. ವಿಲಾಯತಿಯ ಒಬ್ಬ ದೊಡ್ಡ ಮನುಷ್ಯನ ಬಂಗಲೆಯಿಂದ ವಜ್ರ ಕಳುವಾಗುತ್ತದೆ, ಪತ್ತೇದಾರ ಬಂದು ಎಲ್ಲರನ್ನೂ ಪ್ರಶ್ನೆ ಕೇಳುತ್ತಾನೆ, ಮಕ್ಕಳೇ ಪಾತ್ರಗಳಾಗಿ ಮಾತಾಡಬೇಕು. ಸೋಮವಾರ ಮಾಸ್ತರರು ಆ ಕಥೆಯನ್ನು ಹೇಳಿದರು. ಬಂಗಲೆ ಎಂದಾಗ ಮಕ್ಕಳು ಮಾಸ್ತರರನ್ನು ನೋಡಿದರು. ವಜ್ರ ಎಂದಾಗ ಕಿಟಕಿಯಾಚೆ ನೋಡಿದರು.

ಆಗ ಮಾಸ್ತರರಿಗೆ ಸಾಹೇಬರ ಇನ್ನೊಂದು ಮಾತು ನೆನಪಾಯಿತು: ಕಥೆಯನ್ನು ನಿಮ್ಮೂರಿನ ನೀರಲ್ಲಿ ಅದ್ದಿ ತೆಗೆಯಿರಿ. ಮಾಸ್ತರರು ಅದ್ದಿದರು. ಬಂಗಲೆಯ ಬದಲು ತಮ್ಮದೇ ಶಾಲೆ ಬಂತು. ದೊಡ್ಡ ಮನುಷ್ಯನ ಬದಲು ಹೆಡ್‌ಮಾಸ್ಟರ್ ಮಡೆಪ್ಪನವರು. ಕೀಲಿಕೈ ಇಟ್ಟುಕೊಂಡು ಚಹಾ ತರುವ ಆಳಿನ ಬದಲು ಜವಾನ ಕೈಲಾಶ. ವಜ್ರದ ಬದಲು, ಬೀದರ ಜಿಲ್ಲೆಯ ಮಾನಕ್ಕೆ ತಕ್ಕಂತೆ, ಕಪ್ಪು ಮೈಮೇಲೆ ಬೆಳ್ಳಿ ಕೆತ್ತನೆಯ ಒಂದು ಬಿದರಿ ಸುರಾಹಿ. ನೀರು ತಣ್ಣಗಿಡುವ ಉದ್ದ ಕುತ್ತಿಗೆಯ ಆ ಹೂಜಿ ಹೆಡ್‌ಮಾಸ್ಟರರ ಕೋಣೆಯಿಂದ ಮಾಯವಾಗಿತ್ತು. ಅಂಥ ಸುರಾಹಿ ಆ ಕೋಣೆಯಲ್ಲಿ ಎಂದೂ ಇರಲಿಲ್ಲ. ಅಲ್ಲಿ ಇದ್ದದ್ದು ಪ್ಲಾಸ್ಟಿಕ್ ಕೊಡ.

ಮಕ್ಕಳ ಕಣ್ಣು ಅರಳಿದವು. ಶಾಲುಬಾಯಿಯ ಮೊಮ್ಮಗಳು ವಿಶಾಖಾ ಎದ್ದು ನಿಂತು, ಪತ್ತೇದಾರಳು ತಾನೇ ಆಗುತ್ತೇನೆ ಎಂದಳು. ಉಳಿದವರು ಪೊಲೀಸರಾದರು. ಮಾಸ್ತರರು ಕೇಳುವ ಪ್ರಶ್ನೆ, ಕೊಡುವ ಉತ್ತರಗಳನ್ನು ಇಂಗ್ಲಿಷಿನಲ್ಲಿ ಹಲಗೆಯ ಮೇಲೆ ಬರೆದು ದಿನವಿಡೀ ಬಾಯಿಪಾಠ ಮಾಡಿಸಿದರು. ಖುಷಿಯ ಭರದಲ್ಲಿ ಮಾಸ್ತರರು ಒಂದು ಕಟ್ಟಳೆ ಮಾಡಿದರು.

“ಕಳ್ಳ ಸಿಗೂತನಕ ಈ ಕಥಿ ಬಗ್ಗಿ ಕನ್ನಡ ಬಂದ್, ಮರಾಠಿ ಬಂದ್, ಉರ್ದು ಬಂದ್. ಮನ್ಯಾಗೂ ಅಷ್ಟೇ, ಓಣ್ಯಾಗೂ ಅಷ್ಟೇ. ಯಾರು ಕನ್ನಡದಾಗ ಬಾಯಿ ಬಿಡ್ತಾರ ಅವ್ರು ಆಟದಿಂದ ಔಟ್. ಇವತ್ತ ಸಂಜಿ ಸಿಕ್ಕ ಸಿಕ್ಕವರಿಗಿ ಪ್ರಶ್ನಿ ಕೇಳ್ರಿ.”

ನಿಜಾಮನ ಕಾಲದಿಂದ ಈ ಸೀಮೆಯಲ್ಲಿ ಬಹಳ ಕಟ್ಟಳೆಗಳು ಬಂದು ಹೋಗಿವೆ. ಆದರೆ ಇಷ್ಟು ಚಾಚೂ ತಪ್ಪದೆ ಪಾಲನೆಯಾದ ಕಟ್ಟಳೆ ಇನ್ನೊಂದಿಲ್ಲ.

ಅಂದು ಸಂಜೆ ಶಾಲುಬಾಯಿ ಒಲೆಯ ಮುಂದೆ ಕುಳಿತು ಜೋಳದ ರೊಟ್ಟಿ ಬಡಿಯುತ್ತಿದ್ದಳು. ಮೊಮ್ಮಗಳು ಎದುರಿಗೆ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತಳು.

“ಮೇಡಂ, ವೇರ್ ವರ್ ಯು ಯೆಸ್ಟರ್‌ಡೇ ಇವಿನಿಂಗ್?”

“ಯಾರಿಗಿ ಮೇಡಂ ಅಂತಿ? ಕೈ ತೊಳಿ, ಉಣ್ಣು.”

“ಆನ್ಸರ್ ಮಿ, ಮೇಡಂ. ಸೇ, ಐ ವಾಸ್ ಅಟ್ ಹೋಮ್.”

“ಏನಾಗ್ಯಾದ ನಿನಗ? ಕನ್ನಡದಾಗ ಹೇಳು.”

ವಿಶಾಖಾ ತುಟಿ ಬಿಗಿ ಹಿಡಿದು ತಲೆ ಅಲ್ಲಾಡಿಸಿದಳು. ಅಜ್ಜಿ ಗದರಿಸಿದಳು, ಬೆಲ್ಲ ತೋರಿಸಿದಳು, ಕೊನೆಗೆ ರೊಟ್ಟಿ ಸುಟ್ಟು ಹೋಗುತ್ತದೆಂದು “ಐ ವಾಸ್ ಅಟ್ ಹೋಮ್” ಎಂದು ಒಪ್ಪಿಸಿದಳು. ಅಷ್ಟಕ್ಕೆ ಬಿಡುವ ಪತ್ತೇದಾರಳಲ್ಲ ಅವಳು. ಮನೆಯಲ್ಲಿ ಏನು ಮಾಡುತ್ತಿದ್ದೆ, ನೋಡಿದವರು ಯಾರು ಎಂದು ಕೇಳಿ, ಉತ್ತರವನ್ನೂ ತಾನೇ ಹೇಳಿಕೊಟ್ಟು, ಬಾಯಿಪಾಠ ಆಗುವವರೆಗೂ ಎದುರಿನಿಂದ ಕದಲಲಿಲ್ಲ.

ಊರ ತುಂಬ ಇದೇ ನಡೆಯಿತು. ಹಾಲು ಹಿಂಡುವವರನ್ನು, ಬಸ್ಸಿಗೆ ಕಾಯುವವರನ್ನು, ತೊಗರಿ ಹೊಲದಿಂದ ಬಂದು ಕಾಲು ಚಾಚಿದವರನ್ನು ಮಕ್ಕಳು ಸುತ್ತುಗಟ್ಟಿದರು. ದೊಡ್ಡವರಿಗೆ ಅರ್ಥವಾದದ್ದು ಕೆಲವೇ ಪದಗಳು: ಸುರಾಹಿ, ಹೆಡ್‌ಮಾಸ್ಟರ್, ಕೈಲಾಶ, ಪೊಲೀಸ್. ಅಷ್ಟು ಸಿಕ್ಕ ಮೇಲೆ ಒಂದು ಊರಿಗೆ ಇನ್ನೇನು ಬೇಕು? ಉಳಿದದ್ದನ್ನು ಅದು ತಾನೇ ಹೊಲಿದುಕೊಂಡಿತು.

ಬಸ್‌ಸ್ಟ್ಯಾಂಡಿನ ಮಗ್ಗುಲಲ್ಲಿ ಮುದುಕ ನಿಜಾಮೋದ್ದೀನನ ಚಹಾದ ಹೋಟೆಲು. ಮಂಗಳವಾರ ಮುಂಜಾನೆ ಹಾವಗೆಪ್ಪ ಮಾಸ್ತರರು ಅಲ್ಲಿಗೆ ಹೋದಾಗ ಪಂಚಾಯ್ತಿ ಮೆಂಬರ್ ಪಂಢರಿ ಬೆಂಚಿನ ಮೇಲೆ ಕುಳಿತು ಕೇಳುತ್ತಿದ್ದ.

“ಚಾಚಾ, ಸಾಲಿದು ಸುರಾಹಿ ನೀ ನೋಡಿದ್ದೇನು?”

“ನೋಡಿದ್ದೇನು ಅಂತ ಕೇಳ್ತಿ? ನಮ್ಮ ದಾದಾ ಅದ್ರಾಗಿಂದು ನೀರ ಕುಡದಾನ. ನಿಜಾಮ ಸರ್ಕಾರ ಕೊಟ್ಟ ಮಾಲ ಅದು.”

ಆ ಶಾಲೆ ಕಟ್ಟಿದ್ದು ನಿಜಾಮ ಸರ್ಕಾರ ಹೋಗಿ ಎಷ್ಟೋ ವರ್ಷಗಳಾದ ಮೇಲೆ. ಆದರೆ ಮುದುಕನ ಅಜ್ಜನ ಬಾಯಾರಿಕೆಗೆ ಅದು ಅಡ್ಡ ಬರಲಿಲ್ಲ.

“ನಾನೂ ನೋಡೀನಿ,” ಎಂದ ಪಂಢರಿ. “ಮೈ ತುಂಬ ಬೆಳ್ಳಿ ಹೂವು.”

“ಹೂವಲ್ಲ, ಬಳ್ಳಿ.”

“ಹೂವು ಚಾಚಾ. ನಾ ಅದ್ರ ಮುಂದ ನಿಂತು ಬಡತ ತಿಂದೀನಿ, ನನಗ ಮರೀತದೇನು?”

ಮಾಸ್ತರರು ಚಹಾದ ಕಪ್ಪು ಕೆಳಗಿಟ್ಟರು. “ಅಲ್ರಿ, ಆ ಸುರಾಹಿ ಇಲ್ಲೇ ಇಲ್ರಿ.”

“ಅದೇ ಹೇಳ್ಲತ್ತೀವಿ ಮಾಸ್ತರ. ಈಗ ಇಲ್ಲ,” ಎಂದ ನಿಜಾಮೋದ್ದೀನ.

“ಮೊದಲೂ ಇರ್ಲಿಲ್ರಿ.”

ಪಂಢರಿ ಕರುಣೆಯಿಂದ ನಕ್ಕ. “ಸರ್, ನೀವು ಬಗದಲ್ದವರು. ನಮ್ಮೂರಿಗಿ ನಿನ್ನಿ ಮೊನ್ನಿ ಬಂದೀರಿ. ಮೊದಲ ಏನಿತ್ತು ಏನಿಲ್ಲ ಅಂಬೋದು ನಿಮಗ ಹ್ಯಾಂಗ ತಿಳೀಬೇಕು?”

ಮಾಸ್ತರರು ಚಹಾದ ದುಡ್ಡು ಕೊಟ್ಟು ಎದ್ದರು. ಹೊರಗಿನಿಂದ ಬಂದವನು ತಾನಿಲ್ಲದ ಕಾಲದ ಬಗ್ಗೆ ಮಾತಾಡುವುದು ಎಲ್ಲಿಯ ನ್ಯಾಯ?

ಶಾಲೆಗೆ ಬಂದರೆ ಜವಾನ ಕೈಲಾಶ ಕೀಲಿಕೈ ಗೊಂಚಲನ್ನು ಅವರ ಕಾಲ ಬಳಿ ಇಟ್ಟು ಕೈಮುಗಿದ. “ಸರ್ರ, ನಾ ತಗೊಂಡಿಲ್ರಿ. ನಿನ್ನಿ ಸಂಜಿಲಿಂದ ಹುಡುಗ್ರು ನನ್ನ ಕಂಡಲ್ಲಿ ‘ಹ್ಯಾಂಡ್ಸ್ ಅಪ್’ ಅಂತಾರ್ರಿ. ಎಮ್ಮಿ ಹಿಂಡ್ಲಾಕ ಕುಂತ್ರೂ ಕೈ ಮ್ಯಾಲ ಎತ್ತಬೇಕಾಗ್ಯಾದ್ರಿ.”

“ಕೈಲಾಶ, ಅದು ಕಥಿ ಇದ್ದದ್ದು.”

“ನನಗ ಗೊತ್ತು ಸರ್ರ, ನೀವು ಭಾಳ ಒಳ್ಳೇವ್ರು. ನನ್ನ ಮಾನ ಉಳಿಸ್ಲಾಕ ಹಂಗ ಅಂತೀರಿ.”

ಒಳಗೆ ಹೆಡ್‌ಮಾಸ್ಟರ್ ಮಡೆಪ್ಪನವರು ಬೆವರು ಒರೆಸಿಕೊಳ್ಳುತ್ತಿದ್ದರು. ಅವರು ಈ ಶಾಲೆಗೆ ಹೊಸದಾಗಿ ಬಂದವರು. ಹಿಂದಿನವರಿಂದ ಶಾಲೆಯ ಸಾಮಾನು ವಶಕ್ಕೆ ತೆಗೆದುಕೊಳ್ಳುವ ದಿನ ಬಸ್ಸಿಗೆ ಹೊತ್ತಾಗಿತ್ತೆಂದು ತೋರಿಸಿದಲ್ಲೆಲ್ಲ ರುಜು ಮಾಡಿದ್ದರು.

“ಹಾವಗೆಪ್ಪ, ಖರೆ ಹೇಳ್ರಿ. ಆ ಸುರಾಹಿ ನನ್ನ ವಶಕ್ಕ ಕೊಟ್ಟಿದ್ರೇನ್ರಿ?”

“ಸರ್, ಸುರಾಹಿ ನಾ ಹುಟ್ಟಿಸಿದ್ದು. ಬಾಯಿಲಿಂದ ಹುಟ್ಟಿಸಿದ್ದು.”

“ಊರ ಮಂದಿ ಎಲ್ಲ ನೋಡಿದ್ದಾರಂತ. ನೀವೊಬ್ರು ನೋಡಿಲ್ಲಂದ್ರ ಸರ್ಕಾರ ಯಾರ ಮಾತ ಕೇಳ್ತದ? ನನ್ನ ರಿಟೈರಮೆಂಟ್ ಸನೀಪ ಬಂದದ್ರಿ. ಶನಿವಾರ ಬೀದರದ ಸಾಹೇಬ್ರು ಬೇರೆ ಬರ್ತಾರ.”

ಸಾಹೇಬರ ಹೆಸರು ಬಂದೊಡನೆ ಮಾಸ್ತರರಿಗೆ ಇನ್ನೊಂದು ಸತ್ಯ ಹೊಳೆಯಿತು. ಎಲ್ಲ ಮಕ್ಕಳನ್ನೂ ಊರನ್ನೂ ಕೂಡಿಸಿ ಕನ್ನಡದಲ್ಲಿ ಇದು ಬರೀ ಕಥೆ ಎಂದು ಸಾರಿದರೆ ಗಲಾಟೆ ನಿಲ್ಲಬಹುದು. ಆದರೆ ಆಟವೂ ನಿಲ್ಲುತ್ತದೆ. ಆಟ ನಿಂತರೆ ಮಕ್ಕಳ ಬಾಯಿ ಮತ್ತೆ “ಪ್ರೆಸೆಂಟ್ ಸರ್”ಗೆ ಬಂದು ನಿಲ್ಲುತ್ತದೆ. ಅತ್ತ ಭಾಲ್ಕಿಯಲ್ಲಿ ಭಾವಮೈದುನರು ತಾಟು ಮುಂದಿಟ್ಟುಕೊಂಡು ಕಾದಿದ್ದಾರೆ. ಶನಿವಾರ ಒಂದು ದಾಟಲಿ, ಆಮೇಲೆ ಎಲ್ಲರಿಗೂ ತಿಳಿಸಿ ಹೇಳಿದರಾಯಿತು ಎಂದು ಮಾಸ್ತರರು ಮನಸ್ಸಿಗೆ ಸಮಾಧಾನ ಹೇಳಿಕೊಂಡರು. ಮನಸ್ಸು ಒಪ್ಪಿತು. ಅದು ಯಾವಾಗಲೂ ಬೇಗ ಒಪ್ಪುವ ಜಾತಿಯದು.

ಶುಕ್ರವಾರ ಪಂಢರಿ ನಾಲ್ಕು ಹಿರಿಯರನ್ನು ಕಟ್ಟಿಕೊಂಡು ಶಾಲೆಗೆ ಬಂದ.

“ಹೆಡ್‌ಮಾಸ್ತರ, ಪೊಲೀಸ ಗಿಲೀಸ ಬ್ಯಾಡ. ಊರಿನ ಮಾನದ ಮಾತು. ನಾಳಿ ಮುಂಜಾನಿ ಸಾಲ್ಯಾಗ ಹೊಟ್ಟಿನ ಗುಂಪಿ ಹಾಕಮು.”

ಆ ಊರಿನಲ್ಲಿ ಅದೊಂದು ಹಳೆಯ ಪದ್ಧತಿ. ಏನಾದರೂ ಕಳುವಾದರೆ ಪ್ರತಿ ಮನೆಯಿಂದಲೂ ಒಬ್ಬರು ಬುಟ್ಟಿ ತುಂಬ ಹೊಟ್ಟು ತುಂಬಿ, ಮೇಲೆ ಬಟ್ಟೆ ಮುಚ್ಚಿಕೊಂಡು ಬರುತ್ತಾರೆ. ಕಿಟಕಿ ಬಾಗಿಲು ಮುಚ್ಚಿದ ಕೋಣೆಗೆ ಒಬ್ಬೊಬ್ಬರೇ ಹೋಗಿ ಸುರಿದು ಬರುತ್ತಾರೆ. ಕದ್ದವನು ತನ್ನ ಹೊಟ್ಟಿನ ಜೊತೆ ಕದ್ದದ್ದನ್ನೂ ಸುರಿದರೆ ಮುಗಿಯಿತು. ಮಾಲು ಸಿಗುತ್ತದೆ, ಯಾರು ತಂದರೆಂದು ಯಾರೂ ಕೇಳುವುದಿಲ್ಲ. ಕೇಳಿದವನದೇ ತಪ್ಪು.

ಮಡೆಪ್ಪನವರು ಪಂಢರಿಯ ಎರಡೂ ಕೈ ಹಿಡಿದುಕೊಂಡರು. ಹಾವಗೆಪ್ಪ ಮಾಸ್ತರರು ಮಾತ್ರ ಗೋಡೆಗೆ ಒರಗಿದರು. ಇಲ್ಲದ ಸುರಾಹಿ ಹೊಟ್ಟಿನಲ್ಲಿ ಹೇಗೆ ಸಿಕ್ಕೀತು? ಸಿಗದಿದ್ದರೆ ಕೈಲಾಶನ ಗತಿ ಏನು? ಸಾಹೇಬರು ಬಂದಾಗ ಊರೆಲ್ಲ ಶಾಲೆಯಲ್ಲಿ ನೆರೆದು ಕಳ್ಳನನ್ನು ಹುಡುಕುತ್ತಿದ್ದರೆ ಇಂಗ್ಲಿಷ್ ಪಾಠ ಎಲ್ಲಿ ನಡೆಯಬೇಕು? ಮನೆಗೆ ಬಂದು, ತಡೆಯಲಾರದೆ ಇಡೀ ಕಥೆಯನ್ನು ಅಂಗಳದಲ್ಲೇ ದಾನಮ್ಮನಿಗೆ ಹೇಳಿಬಿಟ್ಟರು.

“ಸುರಾಹಿ ಸಿಗಲಿಲ್ಲಂದ್ರ ನನ್ನ ನೌಕರಿನೇ ಹೋಗ್ತದ ನೋಡು,” ಎಂದರು ಕೊನೆಗೆ.

ದಾನಮ್ಮ ಬೈಯಲಿಲ್ಲ. ಬುಟ್ಟಿ ತಂದು ಹೊಟ್ಟು ತುಂಬತೊಡಗಿದಳು. “ಮಂದಿ ಎಲ್ಲ ತಂದು ನಾವು ತರ್ಲಿಲ್ಲಂದ್ರ ನಾವೇ ಕಳ್ಳರು ಅಂತಾರ,” ಎಂದಳು. ಪಕ್ಕದ ಮನೆಯ ಗೋಡೆಯ ಆಚೆ ಬಟ್ಟೆ ಒಣಹಾಕುತ್ತಿದ್ದ ಮುನವ್ವರ ಬೇಗಂ ಅಲ್ಲೇ ನಿಂತು ಕೇಳಿಸಿಕೊಂಡರೆಂಬುದು ಇಬ್ಬರಿಗೂ ತಿಳಿಯಲಿಲ್ಲ.

ಶನಿವಾರ ಶಾಲೆಯ ಅಂಗಳದಲ್ಲಿ ಬುಟ್ಟಿ ಹೊತ್ತವರ ಸಾಲು ರಸ್ತೆಯವರೆಗೆ ನಿಂತಿತ್ತು. ಸೋಯಾ ಹೊಟ್ಟು, ತೊಗರಿ ಹೊಟ್ಟು, ಹೊಟ್ಟಿಲ್ಲದವರದು ಬೂದಿ. ಮಾಸ್ತರರೂ ತಮ್ಮ ಬುಟ್ಟಿ ಹೊತ್ತು ನಿಂತರು. ಒಂಬತ್ತನೆಯ ತರಗತಿ ಪೊಲೀಸರು ಸಾಲು ನೆಟ್ಟಗಿಡುವ ಕೆಲಸದಲ್ಲಿದ್ದರು. “ಕೀಪ್ ಕ್ವೈಟ್. ಮೂವ್, ಮೂವ್,” ಎನ್ನುತ್ತಿದ್ದರು. ಎಲ್ಲರೂ ಸುರಿದಾದ ಮೇಲೆ ಬಾಗಿಲು ತೆರೆದು, ಪಂಢರಿ ಮತ್ತು ಕೈಲಾಶ ಜರಡಿ ಹಿಡಿದು ಕುಳಿತರು.

ಮೊದಲು ಒಂದು ಸೌಟು ಬಂತು. ಬಿಸಿಯೂಟದ ಸೌಟು. ಆಮೇಲೆ ನಳದ ತೋಟಿ. ಆಮೇಲೆ ಶಾಲೆಯ ಗಂಟೆ ಬಾರಿಸುವ ಕಬ್ಬಿಣದ ಕೋಲು, ಗಾಳಿ ಹೋದ ವಾಲಿಬಾಲು, ಆಫ್ರಿಕಾದ ಹತ್ತಿರ ಸೀಳಿದ ಭೂಗೋಳ. ಒಂದೊಂದೂ ಹೊರಬಂದಾಗ ಮಡೆಪ್ಪನವರು, “ಇದೂ ಹೋಗಿತ್ತೇನು?” ಎಂದು ಕೈಲಾಶನನ್ನು ಕೇಳುತ್ತಿದ್ದರು. ಊರಿನವರು ಆಕಾಶ ನೋಡುತ್ತಿದ್ದರು. ಸುರಾಹಿ ಮಾತ್ರ ಬರಲಿಲ್ಲ.

ಇಂಥ ಹೊತ್ತಿನಲ್ಲೇ ಗೇಟಿನ ಬಳಿ ಜೀಪು ನಿಂತಿತು. ಅಮಿತಕುಮಾರ ಸಾಹೇಬರು ಇಳಿದು, ಖಾಲಿ ಬುಟ್ಟಿ ಹಿಡಿದು ನಿಂತ ಊರನ್ನು ನೋಡಿ ದಂಗಾದರು. ಎದುರಿಗೇ ಸಿಕ್ಕ ಶಾಲುಬಾಯಿಯನ್ನು, ಬೆರಗಿನಲ್ಲಿ ಬಾಯಿಗೆ ಬಂದ ಭಾಷೆಯಲ್ಲೇ ಕೇಳಿಬಿಟ್ಟರು.

“ವಾಟ್ ಈಸ್ ಹ್ಯಾಪನಿಂಗ್ ಹಿಯರ್?”

ಶಾಲುಬಾಯಿಗೆ ಇಂಗ್ಲಿಷಿನಲ್ಲಿ ಪ್ರಶ್ನೆ ಎಂದರೆ ಯಾವುದಕ್ಕೆ ಎಂದು ಈಗ ಚೆನ್ನಾಗಿ ಗೊತ್ತಿತ್ತು. ಸೆರಗು ಸರಿಪಡಿಸಿಕೊಂಡು ಹೇಳಿದಳು. “ಐ ವಾಸ್ ಅಟ್ ಹೋಮ್. ಐ ವಾಸ್ ಮೇಕಿಂಗ್ ರೊಟ್ಟಿ. ಆಸ್ಕ್ ಮೈ ನೇಬರ್.”

ಸಾಹೇಬರು ಒಂದು ಹೆಜ್ಜೆ ಹಿಂದೆ ಸರಿದು ನಿಜಾಮೋದ್ದೀನನ ಕಡೆ ತಿರುಗಿದರು. ಮುದುಕ ಎದೆಯ ಮೇಲೆ ಕೈಯಿಟ್ಟುಕೊಂಡ. “ಐ ಸಾ ನಥಿಂಗ್. ಐ ವಾಸ್ ವಾಷಿಂಗ್ ಕಪ್ಸ್.”

“ಐ ವಾಸ್ ಇನ್ ಔರಾದ,” ಎಂದ ಪಂಢರಿ, ಜರಡಿ ಬಿಟ್ಟು ಹೊರಗೆ ಬಂದು, ಯಾರೂ ಕೇಳದಿದ್ದರೂ. “ಬಸ್ ವಾಸ್ ಲೇಟ್.”

ಅಷ್ಟರಲ್ಲಿ ವಿಶಾಖಾ ಹೊಸ ಮುಖ ಕಂಡು ಓಡಿ ಬಂದಳು.

“ಸರ್, ವೇರ್ ವರ್ ಯು ಯೆಸ್ಟರ್‌ಡೇ ಇವಿನಿಂಗ್?”

“ಮಿ? ಐ ವಾಸ್ ಇನ್ ಬೀದರ.”

“ಹೂ ಸಾ ಯು?”

“ಮೈ ವೈಫ್,” ಎಂದರು ಸಾಹೇಬರು, ಸ್ವಲ್ಪ ಗಾಬರಿಯಿಂದಲೇ.

“ವೈಫ್ ಈಸ್ ನಾಟ್ ಎ ಗುಡ್ ವಿಟ್ನೆಸ್, ಸರ್. ಶಿ ಲೈಕ್ಸ್ ಯು. ಎನಿಬಡಿ ಎಲ್ಸ್?”

ಸಾಹೇಬರು ನಕ್ಕ ನಗುವಿಗೆ ಜೀಪಿನ ಡ್ರೈವರ್ ಇಳಿದು ಬಂದ. ಅವರು ಹಾವಗೆಪ್ಪ ಮಾಸ್ತರರ ಭುಜ ತಟ್ಟಿ, “ನೀವು ಮಕ್ಕಳು ಮಾತಾಡ್ತಾರ ಅಂದಿದ್ರಿ. ಮುದುಕ್ರೂ ಮಾತಾಡ್ತಾರ ಅಂತ ಹೇಳಿದ್ದಿಲ್ಲ. ಭಾಲ್ಕಿ ನಿಮ್ದೇ,” ಎಂದರು. ಹಿಂದೆ ನಿಂತ ದಾನಮ್ಮ ಕೂಡಲೇ ಫೋನು ತೆಗೆದಳು.

“ಸಿಕ್ತು,” ಎಂದು ಒಳಗಿನಿಂದ ಕೈಲಾಶ ಕೂಗಿ, ಜರಡಿಯನ್ನು ಅಂಗಳಕ್ಕೆ ಹೊತ್ತು ತಂದ.

ಜರಡಿಯ ಮೇಲೆ, ಹೊಟ್ಟು ಮೆತ್ತಿದ, ಕಪ್ಪು ಮೈಯ ಉದ್ದ ಕುತ್ತಿಗೆಯ ಒಂದು ಬಿದರಿ ಸುರಾಹಿ ಇತ್ತು. ಪಂಢರಿ ಅದನ್ನು ಧೋತರದ ತುದಿಯಿಂದ ಒರೆಸಿ, “ಹೂವು, ನೋಡು ಚಾಚಾ,” ಎಂದ. ನಿಜಾಮೋದ್ದೀನ ಇನ್ನೊಂದು ಬದಿ ತಿರುಗಿಸಿ, “ಬಳ್ಳಿ,” ಎಂದ. ಎರಡೂ ಇದ್ದವು. ಮಡೆಪ್ಪನವರ ಕಣ್ಣಲ್ಲಿ ನೀರು ಬಂತು. ಕೈಲಾಶ ಕೀಲಿಕೈ ಗೊಂಚಲನ್ನು ಸೊಂಟಕ್ಕೆ ಮತ್ತೆ ಸಿಕ್ಕಿಸಿಕೊಂಡ.

ಹಾವಗೆಪ್ಪ ಮಾಸ್ತರರು ಹತ್ತಿರ ಹೋಗಿ ಬಗ್ಗಿ ನೋಡಿದರು. ಆ ಸುರಾಹಿಯನ್ನು ಅವರು ಬಲ್ಲರು. ರಂಜಾನಿನಲ್ಲಿ ಶೀರಖುರ್ಮಾ ತಿನ್ನಲು ಪಕ್ಕದ ಮನೆಗೆ ಹೋದಾಗ ಅದು ಗಾಜಿನ ಕಪಾಟಿನಲ್ಲಿ ಇತ್ತು. ಮುನವ್ವರ ಬೇಗಂ ಅವರ ಅಬ್ಬಾ ಬೀದರದಲ್ಲಿ ತಮ್ಮ ಕೈಯಾರೆ ಕೆತ್ತಿದ್ದು. ಮಾಸ್ತರರು ತಿರುಗಿ ನೋಡಿದರು. ಬೇಗಂ ದುಪಟ್ಟಾ ತಲೆಯ ಮೇಲೆ ಎಳೆದುಕೊಂಡು ಮೆಲ್ಲಗೆ ಹೇಳಿದರು.

“ಸುಮ್ನಿರ್ರಿ ಭಾಯಿ. ನೌಕರಿ ಹೋದ್ರ ದಾನಮ್ಮ ಎಲ್ಲಿ ಹೋಗ್ಬೇಕು? ನಮ್ಮ ಮನ್ಯಾಗ ಇದ್ದು ಧೂಳ ತಿಂತಿತ್ತು.”

ಇಷ್ಟಾದ ಮೇಲೆ ಸುಮ್ಮನಿರಲು ಮಾಸ್ತರರಿಂದ ಆಗಲಿಲ್ಲ. ಭಾಲ್ಕಿ ಸಿಕ್ಕಿತ್ತು, ಇನ್ನು ಖರೆ ಹೇಳಲು ಅಡ್ಡಿ ಇರಲಿಲ್ಲ. ಸಾಹೇಬರ ಎದುರು, ಊರ ಎದುರು, ಕಟ್ಟೆಯ ಮೇಲೆ ಹತ್ತಿ ನಿಂತು, ಕನ್ನಡದಲ್ಲಿ, ಮೊದಲಿನಿಂದ ಕೊನೆಯವರೆಗೆ ಎಲ್ಲ ಹೇಳಿದರು. ಸಾಲ್ಯಾಗ ಸುರಾಹಿ ಇರಲಿಲ್ಲ, ಕಳುವಾಗಿಲ್ಲ, ಕಥೆ ತನ್ನದು, ಈ ಮಾಲು ಯಾರದ್ದೋ ಮನೆಯದ್ದು, ಅದನ್ನು ತಿರುಗಿ ಕೊಡಬೇಕು ಎಂದರು.

ಊರು ಶಾಂತವಾಗಿ ಕೇಳಿತು. ಆಮೇಲೆ ಪಂಢರಿ ಗದ್ಗದನಾಗಿ ಎದ್ದ.

“ನೋಡ್ರಪ್ಪ. ಗುಂಪಿ ಹಾಕಿದ ಮ್ಯಾಲ ಕಳ್ಳನ ಹೆಸರ ಹೇಳಬಾರದು ಅಂಬೋದು ನಮ್ಮ ಪದ್ಧತಿ. ಸರ್ ಅವ್ರು ಕಳವೇ ಆಗಿಲ್ಲ ಅನ್ಲಿಕತ್ತಾರ. ಎಂಥಾ ದೊಡ್ಡ ಮನಸ್ಸು.”

“ಬಗದಲ್ದವರಾದ್ರೂ ನಮ್ಮವರಿಗಿಂತ ಚಲೋ,” ಎಂದಳು ಶಾಲುಬಾಯಿ.

ಸಾಹೇಬರು ಚಪ್ಪಾಳೆ ತಟ್ಟಿದರು. ಮಡೆಪ್ಪನವರು ಸುರಾಹಿಯನ್ನು ಕಪಾಟಿಗೆ ಇಡಲು ಎತ್ತಿಕೊಂಡರು. ಆಗ ನಿಜಾಮೋದ್ದೀನ ಅವರ ಕೈಯಿಂದ ಅದನ್ನು ಇಸಿದುಕೊಂಡು, ಬಗ್ಗಿಸಿ, ಬಾಯಿಯೊಳಗೆ ಒಂದು ಕಣ್ಣಿಟ್ಟು ನೋಡಿದ.

“ಎಲ್ಲಾ ಖರೆ. ಇದ್ರ ಮುಚ್ಚಳ ಎಲ್ಲದ?”

ಬುಟ್ಟಿಗಳು ಬುಟ್ಟಿಗಳ ಕಡೆ ನೋಡಿದವು. ಮುನವ್ವರ ಬೇಗಂ ಬಾಯಿ ತೆರೆದರು. ಮುಚ್ಚಳ ಅವರ ಮದುವೆಯ ಗದ್ದಲದಲ್ಲೇ ಕಳೆದಿತ್ತು. ಆದರೆ ಅದನ್ನು ಹೇಳುವ ಹಾಗಿರಲಿಲ್ಲ, ಬಾಯಿ ಮುಚ್ಚಿಕೊಂಡರು.

“ಮುಚ್ಚಳ ಇತ್ತಲ್ಲ,” ಎಂದ ಪಂಢರಿ. “ತುದಿ ಮ್ಯಾಲ ನವಿಲಿತ್ತು.”

“ನವಿಲಲ್ಲ, ಗಿಳಿ.”

“ಬೆಳ್ಳಿ ನವಿಲು ಚಾಚಾ. ಎರಡೂ ಕಣ್ಣಿಲೆ ನೋಡೀನಿ.”

ಮಾಸ್ತರರು ಕಟ್ಟೆ ಇಳಿದು ಬಂದರು. ಮುಚ್ಚಳ ಇರಲಿಲ್ಲ ಎಂದು ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಅವರಿಗೂ ಸಂಶಯ ಬಂತು. ಮುಚ್ಚಳವಿಲ್ಲದ ಸುರಾಹಿಯಲ್ಲಿ ನೀರು ಇಡುತ್ತಾರೆಯೇ? ಧೂಳು ಬೀಳುವುದಿಲ್ಲವೇ? ನಿಜಾಮ ಸರ್ಕಾರ ಅಂಥ ಅರ್ಧಂಬರ್ಧ ಮಾಲು ಕೊಟ್ಟೀತೇ? ಹೆಡ್‌ಮಾಸ್ಟರರ ಕೋಣೆಯ ಕಿಟಕಿಯಲ್ಲಿ, ಬೆಳಗಿನ ಬಿಸಿಲಿನಲ್ಲಿ, ಏನೋ ಚೂಪಾದದ್ದು ಮಿನುಗಿದ ಹಾಗೆ ಕಣ್ಣಿಗೆ ಕಟ್ಟಿತು.

ಸಾಹೇಬರು ಭಾಲ್ಕಿಯ ತಾರೀಖು ಹೇಳಲೆಂದು ಹುಡುಕಿಕೊಂಡು ಒಳಗೆ ಬಂದಾಗ, ಹಾವಗೆಪ್ಪ ಮಾಸ್ತರರು ಪ್ಯಾಂಟು ಮೊಣಕಾಲಿಗೆ ಏರಿಸಿ, ಹೊಟ್ಟಿನ ಗುಂಪಿಯಲ್ಲಿ ಭುಜದವರೆಗೆ ಕೈ ಹಾಕಿಕೊಂಡು ಕುಳಿತಿದ್ದರು.

“ಮಾಸ್ತರ, ಏನ್ ಹುಡುಕ್ಲತ್ತೀರಿ?”

“ಇಲ್ಲೇ ಎಲ್ಲೋ ಇರಬೇಕ್ರಿ ಸಾಹೇಬ್ರ,” ಎಂದರು ಮಾಸ್ತರರು, ತಲೆ ಎತ್ತದೆ. “ಗಿಳಿನೇ ಇತ್ರಿ. ನವಿಲಲ್ಲ.”